ಬೆಂಗಳೂರಿನ ದಂಡುಪ್ರದೇಶದಲ್ಲಿ ಬಾಡಿಗೆ ಮತ್ತು ವಾಸದ ಹಕ್ಕು: ಹಲಸೂರಿನಿಂದ ಟಿನ್ ಫ್ಯಾಕ್ಟರಿಯವರೆಗೆ

೧

ಬೆಂಗಳೂರಿನ ಪೂರ್ವಭಾಗವನ್ನು ಕನ್ನಡಿಗರು ಬಹುಕಾಲದಿಂದ ‘ದಂಡು’ ಎಂದು ಕರೆಯುತ್ತ ಬಂದಿದ್ದಾರೆ. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ ಇಂಗ್ಲಿಷರ ದಂಡು; ಇವೆರಡರ ನಡುವೆ ಉದ್ಯಾನವೂ ಕಚೇರಿಗಳೂ ಇದ್ದ ವಿಶಾಲವಾದ ಬಯಲು. ಈ ದಂಡಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅಲ್ಲಿ ತಂಗಿದ್ದ ಪಡೆಗಳನ್ನೂ, ಆಳಿದ ರೆಸಿಡೆಂಟರನ್ನೂ, ನಿರ್ಮಿಸಿದ ಚರ್ಚು ಮಾರುಕಟ್ಟೆಗಳನ್ನೂ ಕುರಿತು ವಿವರವಾಗಿ ಬರೆದಿದ್ದಾರೆ. ಆದರೆ ಈ ಊರಿನಲ್ಲಿ ತಿಂಗಳು ತಿಂಗಳಿಗೆ ಬಾಡಿಗೆ ತೆತ್ತು ಬಾಳಿದವರ ವಿಚಾರವು ಅಂಥ ಬರಹಗಳಲ್ಲಿ ಅಂಚಿನಲ್ಲಿಯೇ ಉಳಿದಿದೆ. ದಂಡಿನ ನಿವಾಸಿಗಳಲ್ಲಿ ದೊಡ್ಡ ಭಾಗವು ಹೊರಗಿನಿಂದ ಬಂದು ಪರರ ಸೂರಿನ ಕೆಳಗೆ ವಾಸಿಸಿದವರದೇ ಆಗಿದ್ದುದರಿಂದ, ಅವರನ್ನು ಬಿಟ್ಟ ಚರಿತ್ರೆಯು ಕಟ್ಟಡಗಳ ಚರಿತ್ರೆಯಾಗುವುದೇ ಹೊರತು ಊರಿನ ಚರಿತ್ರೆಯಾಗಲಾರದು.

ಬೇರೆ ಊರುಗಳಲ್ಲಿ ಒಂದು ಬಾಡಿಗೆ ಮನೆಯ ಸಂಬಂಧದಲ್ಲಿ ಮೂವರನ್ನು ಕಾಣುತ್ತೇವೆ: ನೆಲದ ಒಡೆಯ, ಕಟ್ಟಡದ ಒಡೆಯ, ಅದರಲ್ಲಿ ವಾಸಿಸುವವ. ಅನೇಕ ಸಲ ಮೊದಲಿನ ಇಬ್ಬರೂ ಒಬ್ಬರೇ ಆಗಿರುತ್ತಾರೆ. ದಂಡುಪ್ರದೇಶದಲ್ಲಾದರೋ ಇವರ ಮೇಲೆ ನಾಲ್ಕನೆಯದೊಂದು ಶಕ್ತಿಯುಂಟು, ಅದು ಸೈನ್ಯ. ಸೈನ್ಯಕ್ಕೆ ಬೇಕಾದಾಗ ಉಳಿದ ಮೂವರ ಹಕ್ಕುಗಳೂ ಹಿಂದಕ್ಕೆ ಸರಿಯಬೇಕು. ಈ ಕಾರಣದಿಂದ ದಂಡಿನಲ್ಲಿ ಸೂರು ದೊರೆಯುವುದು ಸುಲಭವಾದರೂ ಅದರ ಕೆಳಗೆ ಉಳಿಯುವ ಹಕ್ಕು ದುರ್ಲಭವಾಗಿತ್ತು. ಈ ಹಕ್ಕು ಯಾರಿಂದ ಯಾರಿಗೆ, ಯಾವ ಯಾವ ಕಾಲದಲ್ಲಿ, ಎಷ್ಟರಮಟ್ಟಿಗೆ ದೊರೆಯಿತೆಂಬುದನ್ನು ಹಲಸೂರಿನ ಕೆರೆಯ ದಡದಿಂದ ಹಳೆಯ ಮದರಾಸು ರಸ್ತೆಯ ಟಿನ್ ಫ್ಯಾಕ್ಟರಿಯವರೆಗೆ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

೨

೧೭೯೯ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮೇಲೆ ಅವರ ಪಡೆಗಳು ಕೆಲವು ವರ್ಷ ಆ ದ್ವೀಪದಲ್ಲಿಯೇ ಇದ್ದುವು. ಅಲ್ಲಿನ ಚಳಿಜ್ವರದ ಬಾಧೆಯನ್ನು ತಾಳಲಾರದೆ ಸೈನ್ಯದ ನೆಲೆಯನ್ನು ಬೆಂಗಳೂರಿನ ಎತ್ತರದ ಬಯಲಿಗೆ ವರ್ಗಾಯಿಸಿದರು. ೧೮೦೯ರ ವೇಳೆಗೆ ಹಲಸೂರು ಗ್ರಾಮದ ಸುತ್ತಲ ಭೂಮಿಯಲ್ಲಿ ದಂಡುಪ್ರದೇಶವು ರೂಪುಗೊಂಡಿತು. ಹಲಸೂರು ಆಗಲೇ ಸೋಮೇಶ್ವರನ ಗುಡಿ, ಕೆರೆ, ಗದ್ದೆ ತೋಟಗಳಿಂದ ಕೂಡಿದ ಹಳೆಯ ಊರು. ಅದರ ಸುತ್ತಲಿದ್ದ ದೊಮ್ಮಲೂರು, ಜೋಗುಪಾಳ್ಯ ಮೊದಲಾದ ಹಳ್ಳಿಗಳ ಜನರು ಕನ್ನಡ, ತೆಲುಗು, ತಮಿಳುಗಳನ್ನಾಡುವ ರೈತರು. ಅವರ ಹೊಲಗಳ ನಡುವೆ ಕವಾಯಿತಿನ ಬಯಲೂ, ಪದಾತಿ, ಅಶ್ವದಳ, ಫಿರಂಗಿ ದಳಗಳ ಸಾಲುಗಳೂ ಎದ್ದುವು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯೆನಿಸಿರುವ ಕ್ಯಾವಲ್ರಿ ರಸ್ತೆ ಇವುಗಳ ಹೆಸರುಗಳೇ ಆ ವಿನ್ಯಾಸಕ್ಕೆ ಸಾಕ್ಷಿ.

೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ತಾವೇ ವಹಿಸಿಕೊಂಡರು. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಅವಧಿಯಲ್ಲಿ ಬೆಂಗಳೂರು ಸೈನ್ಯಕ್ಕೂ ಆಡಳಿತಕ್ಕೂ ಏಕಕಾಲದಲ್ಲಿ ಕೇಂದ್ರವಾಯಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲುದಾರಿ ತೆರೆಯಿತು. ಮದರಾಸಿನ ರೈಲು ಮೊದಲು ಬಂದುದು ದಂಡಿಗೆ. ಪೇಟೆಯ ನಿಲ್ದಾಣ ಆಮೇಲಿನದು. ಮದರಾಸಿನ ಕಡೆಯಿಂದ ಬರುವವನಿಗೆ ದಂಡೇ ಬೆಂಗಳೂರಿನ ಹೆಬ್ಬಾಗಿಲಾಯಿತು.

೧೮೮೧ರಲ್ಲಿ ಸಂಸ್ಥಾನವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ದಂಡುಪ್ರದೇಶವನ್ನು ಮಾತ್ರ ಇಂಗ್ಲಿಷರು ಬಿಟ್ಟುಕೊಡಲಿಲ್ಲ. ಸುಮಾರು ೧೩ ಚದರ ಮೈಲಿಯ ಈ ಭೂಭಾಗವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ರೆಸಿಡೆಂಟನ ಅಧೀನದಲ್ಲಿ ಉಳಿಯಿತು. ಇದರ ನ್ಯಾಯಸ್ಥಿತಿಯು ವಿಶಿಷ್ಟವಾದುದು. ನೆಲದ ಸಾರ್ವಭೌಮತ್ವ ಮೈಸೂರಿನ ಮಹಾರಾಜರದು. ಅದರ ಮೇಲಿನ ಅಧಿಕಾರ ಇಂಗ್ಲಿಷ್ ಸರಕಾರದ್ದು. ಇದು ಬ್ರಿಟಿಷ್ ಇಂಡಿಯಾದ ಭಾಗವಲ್ಲದುದರಿಂದ ಅಲ್ಲಿನ ಶಾಸನಗಳು ತಾವಾಗಿಯೇ ಇಲ್ಲಿ ಅನ್ವಯಿಸುತ್ತಿರಲಿಲ್ಲ. ಪ್ರತ್ಯೇಕ ಪ್ರಕಟಣೆಗಳಿಂದ ಅನ್ವಯಿಸಬೇಕಾಗಿತ್ತು. ಮೈಸೂರಿನ ಶಾಸನಗಳಂತೂ ಇಲ್ಲಿ ನಡೆಯುತ್ತಲೇ ಇರಲಿಲ್ಲ. ಹೀಗೆ ಪೇಟೆಯಿಂದ ದಂಡಿಗೆ ಅರ್ಧ ಗಂಟೆಯ ದಾರಿ ನಡೆದು ಬಂದು ಮನೆ ಹಿಡಿದವನು ಒಂದು ರಾಜ್ಯದ ಕಾನೂನಿನಿಂದ ಇನ್ನೊಂದರ ಕಾನೂನಿಗೆ ಒಳಪಡುತ್ತಿದ್ದನು. ಒಂದು ದೃಷ್ಟಿಯಿಂದ ದಂಡೆಂಬುದೇ ಒಂದು ದೊಡ್ಡ ಬಾಡಿಗೆ ಮನೆ: ಒಡೆಯನೊಬ್ಬ, ಅನುಭೋಗಿಸುವವನು ಮತ್ತೊಬ್ಬ. ಒಳಗಿದ್ದವರೆಲ್ಲರೂ ಅನುಭೋಗಿಯ ಅನುಮತಿಯಿಂದ ಇದ್ದವರು.

೩

ಸಾಮಾನ್ಯ ಸೈನಿಕರಿಗೆ ಸರಕಾರವು ಬ್ಯಾರಕ್ಕುಗಳನ್ನು ಕಟ್ಟಿಸಿ ಕೊಡುತ್ತಿತ್ತು. ಅಧಿಕಾರಿಗಳ ಸ್ಥಿತಿ ಬೇರೆ. ಅವರಿಗೆ ವಸತಿಯ ಬದಲು ವಸತಿಭತ್ಯೆ ದೊರೆಯುತ್ತಿತ್ತು. ಮನೆಯನ್ನು ಅವರೇ ಹುಡುಕಿಕೊಳ್ಳಬೇಕು. ಈ ಪದ್ಧತಿಯ ಪ್ರಸಿದ್ಧ ಸಾಕ್ಷಿಯೆಂದರೆ ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್. ನಾಲ್ಕನೆಯ ಹುಸಾರ್ ಅಶ್ವದಳದ ತರುಣ ಅಧಿಕಾರಿಯಾಗಿ ಆತನು ೧೮೯೬ರಲ್ಲಿ ಬೆಂಗಳೂರಿಗೆ ಬಂದನು. ೧೯೩೦ರಲ್ಲಿ ಪ್ರಕಟವಾದ ತನ್ನ ಆತ್ಮವೃತ್ತದಲ್ಲಿ ಆತನು ಈ ಊರಿನ ವಾಸವನ್ನು ವರ್ಣಿಸಿದ್ದಾನೆ. ಆತನೂ ಇಬ್ಬರು ಮಿತ್ರರೂ ತಮ್ಮ ಹಣವನ್ನು ಒಟ್ಟುಗೂಡಿಸಿ, ಹೆಂಚಿನ ಮಾಡು, ಬಿಳಿಯ ಗಾರೆಯ ಕಂಬಗಳು, ಅಗಲವಾದ ಜಗಲಿ ಇದ್ದ ಒಂದು ದೊಡ್ಡ ಬಂಗಲೆಯನ್ನು ಹಿಡಿದರು. ಸುತ್ತಲೂ ಎರಡು ಎಕರೆಯ ಆವರಣ. ಹಿಂದೆ ಅಲ್ಲಿದ್ದವನಿಂದ ಸುಮಾರು ೧೫೦ ಗುಲಾಬಿ ಗಿಡಗಳೂ ಇವರ ಕೈಸೇರಿದುವು. ಕುದುರೆಗಳಿಗಾಗಿ ಮಣ್ಣಿನ ಗೋಡೆಯ ದೊಡ್ಡ ಲಾಯವನ್ನು ಇವರೇ ಕಟ್ಟಿಸಿದರು. ತಿಂಗಳ ಕೊನೆಯಲ್ಲಿ ಬೆಳ್ಳಿಯ ರೂಪಾಯಿಗಳ ಚೀಲವನ್ನು ತಂದು ಬಟ್ಲರನ ಕೈಗೆ ಕೊಟ್ಟರೆ ಗೃಹಕೃತ್ಯದ ಚಿಂತೆ ಮುಗಿಯಿತೆಂದು ಆತನು ಬರೆಯುತ್ತಾನೆ.

ಈ ವರ್ಣನೆಯಲ್ಲಿ ಚರಿತ್ರಕಾರನು ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ದಂಡಿನ ವೈಭವದ ಚಿಹ್ನೆಯೆನಿಸಿದ ಬಂಗಲೆಯಲ್ಲಿ ಇದ್ದವನು ಅನೇಕ ವೇಳೆ ಬಾಡಿಗೆದಾರನೇ. ಪಡೆಯು ಕೆಲವು ವರ್ಷಗಳಲ್ಲಿ ಬೇರೆಡೆಗೆ ಹೋಗುವುದು, ಅವನೂ ಹೋಗುವನು. ಗುಲಾಬಿಯ ಗಿಡಗಳು, ಪೀಠೋಪಕರಣಗಳು, ಆಳುಕಾಳುಗಳು ಒಬ್ಬ ಬಾಡಿಗೆದಾರನಿಂದ ಮತ್ತೊಬ್ಬನಿಗೆ ಸಾಗುತ್ತಿದ್ದುವು. ಎರಡನೆಯದಾಗಿ, ಆ ಎರಡು ಎಕರೆಯ ಆವರಣದ ಹಿಂಭಾಗದಲ್ಲಿ ಬಟ್ಲರ್, ಅಡುಗೆಯವ, ಕುದುರೆಯಾಳು, ಹುಲ್ಲು ತರುವವ, ಆಯಾ, ತೋಟದ ಮಾಲಿ ಇವರ ಕೋಣೆಗಳ ಸಾಲಿರುತ್ತಿತ್ತು. ಇವರು ಬಾಡಿಗೆ ಕೊಡುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಅವರ ವಾಸವು ಚಾಕರಿಯೊಡನೆ ಕಟ್ಟುಬಿದ್ದಿತ್ತು. ಚಾಕರಿ ಹೋದ ದಿನ ಸೂರೂ ಹೋಯಿತು. ಒಂದೇ ಆವರಣದಲ್ಲಿ ಹೀಗೆ ಎರಡು ಬಗೆಯ ಅಸ್ಥಿರತೆಯಿತ್ತು. ದೊರೆಯ ಅಸ್ಥಿರತೆಗೆ ಭತ್ಯೆಯ ಆಧಾರವಿತ್ತು. ಆಳಿನ ಅಸ್ಥಿರತೆಗೆ ಯಾವ ಆಧಾರವೂ ಇರಲಿಲ್ಲ.

ಮನೆಯ ಒಡೆಯನ ಸ್ಥಾನವೂ ಪೂರ್ಣವಾಗಿ ಭದ್ರವಾದುದಲ್ಲ. ಭಾರತದ ದಂಡುಪ್ರದೇಶಗಳಲ್ಲಿ ಭೂಮಿ ಸರಕಾರದ್ದು, ಕಟ್ಟಡ ಮಾತ್ರ ಕಟ್ಟಿಸಿದವನದು ಎಂಬ ತತ್ತ್ವವು ಬೆಳೆದುಬಂದಿತ್ತು. ಬಂಗಾಳ ಸೇನಾವಿಭಾಗಕ್ಕಾಗಿ ೧೮೩೬ರಲ್ಲಿ ಹೊರಟ ಆಜ್ಞೆಯ ಪ್ರಕಾರ, ಸರಕಾರವು ಒಂದು ತಿಂಗಳ ಸೂಚನೆ ಕೊಟ್ಟು, ಕಟ್ಟಡದ ಬೆಲೆಯನ್ನು ಸಲ್ಲಿಸಿ, ನೆಲವನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಅನೇಕ ದಂಡುಪ್ರದೇಶಗಳ ಭೂಹಿಡುವಳಿಗೆ ಇದು ಮಾದರಿಯಾಯಿತು. ಕಾಲ ಕಳೆದಂತೆ ಮನೆಗಳು ಸೈನ್ಯಾಧಿಕಾರಿಗಳ ಕೈಯಿಂದ ಭಾರತೀಯ ವರ್ತಕರು, ಗುತ್ತಿಗೆದಾರರ ಕೈಗೆ ಬಂದುವು. ಹೆಚ್ಚು ಬಾಡಿಗೆ ಕೊಡುವ ಸಿವಿಲಿಯನ್ನರಿಗೆ ಅವರು ಮನೆ ಕೊಡತೊಡಗಿದಾಗ ಅಧಿಕಾರಿಗಳಿಗೆ ಭತ್ಯೆಯ ಮಿತಿಯಲ್ಲಿ ಮನೆ ಸಿಗದಾಯಿತು. ಈ ತೊಂದರೆಯ ಪರಿಹಾರಕ್ಕಾಗಿಯೇ ೧೯೦೨ರಲ್ಲಿ ದಂಡುಪ್ರದೇಶಗಳ ಗೃಹವಸತಿ ಶಾಸನವೂ, ಅದರ ಸ್ಥಾನದಲ್ಲಿ ೧೯೨೩ರ ಶಾಸನವೂ ಹೊರಟುವು. ದಂಡಿನ ಮನೆಯೊಂದು ಸೈನ್ಯಾಧಿಕಾರಿಯ ವಾಸಕ್ಕೆ ಬೇಕೆಂದು ತೀರ್ಮಾನವಾದರೆ ಒಡೆಯನು ಅದನ್ನು ಸರಕಾರಕ್ಕೆ ಗುತ್ತಿಗೆಗೆ ಕೊಡಲೇಬೇಕೆಂಬುದು ಅವುಗಳ ಸಾರ. ಬಾಡಿಗೆಯ ವಿಷಯದಲ್ಲಿ ವಿವಾದ ಬಂದರೆ ಪಂಚಾಯಿತರ ನಿರ್ಣಯಕ್ಕೆ ಅವಕಾಶವಿತ್ತು. ಕೊಡುವುದಿಲ್ಲವೆನ್ನುವ ಸ್ವಾತಂತ್ರ್ಯಕ್ಕೆ ಮಾತ್ರ ಕಠಿಣವಾದ ಮಿತಿಯಿತ್ತು. ಗಮನಾರ್ಹವಾದ ಸಂಗತಿಯೆಂದರೆ, ನಮ್ಮ ದೇಶದಲ್ಲಿ ಮನೆಯ ಒಡೆಯನ ಇಚ್ಛೆಯನ್ನು ಶಾಸನದಿಂದ ನಿಯಂತ್ರಿಸುವ ಆರಂಭದ ಪ್ರಯತ್ನಗಳಲ್ಲೊಂದು ಬಡ ಬಾಡಿಗೆದಾರನ ರಕ್ಷಣೆಗಾಗಿ ನಡೆಯಲಿಲ್ಲ. ಸೈನ್ಯಾಧಿಕಾರಿಯ ಅನುಕೂಲಕ್ಕಾಗಿ ನಡೆಯಿತು. ಈ ಅಂಶವು ಮುಂದಿನ ವಿವೇಚನೆಗೆ ಉಪಯುಕ್ತವಾದುದು.

೪

ಬಂಗಲೆಗಳ ದಂಡಿನ ಬೆನ್ನಿಗೆ ಬಜಾರಿನ ದಂಡು ಬೆಳೆಯಿತು. ಪಡೆಯೊಂದು ನೆಲೆಸಿದರೆ ಅದರ ಹಿಂದೆ ಧಾನ್ಯದ ವರ್ತಕ, ಕಟುಕ, ದರ್ಜಿ, ಅಗಸ, ಚಮ್ಮಾರ, ಗಾಡಿಯವ, ಮೇಸ್ತ್ರಿ, ಕೂಲಿ ಇವರೆಲ್ಲರೂ ಬರಬೇಕು. ಇವರಲ್ಲಿ ಬಹುಮಂದಿ ಮದರಾಸು ಆಧಿಪತ್ಯದ ತಮಿಳು, ತೆಲುಗು ಸೀಮೆಗಳವರು. ದಖನಿ ಉರ್ದು ಆಡುವ ಮುಸಲ್ಮಾನರೂ ಹೇರಳವಾಗಿದ್ದರು. ಇಂದು ಶಿವಾಜಿನಗರವೆನಿಸಿರುವ ಅಂದಿನ ಬ್ಲ್ಯಾಕ್‌ಪಳ್ಳಿ ಈ ಜನರ ಮುಖ್ಯ ನೆಲೆ. ಸಂತ ಮೇರಿಯ ಚರ್ಚು, ಮಸೀದಿಗಳು, ಮಾರಿಯಮ್ಮನ ಗುಡಿಗಳು ಇಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತುವು. ನಿವೃತ್ತರಾದ ಯೂರೋಪಿಯನ್ ಸೈನಿಕರು ಸಂತ ಜಾನರ ದಿಣ್ಣೆಯ ಕಡೆ ಚಿಕ್ಕ ಚಿಕ್ಕ ಮನೆಗಳಲ್ಲಿ ನೆಲೆಸಿದರು. ಹೀಗೆ ಬಂದವರಲ್ಲಿ ಕೆಲವರು ಐಶ್ವರ್ಯವಂತರೂ ಆದರು. ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಗುತ್ತಿಗೆಯ ಕೆಲಸದಿಂದ ಸಂಪತ್ತನ್ನು ಗಳಿಸಿದರು; ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ನಿರ್ಮಾಣದಲ್ಲಿ ಅವರು ಗುತ್ತಿಗೆದಾರರಾಗಿದ್ದರು. ಬಡಮಕ್ಕಳಿಗಾಗಿ ಅವರು ೧೮೭೩ರಲ್ಲಿ ಸ್ಥಾಪಿಸಿದ ಶಾಲೆಯು ಮುಂದೆ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಿತು.

ಆದರೆ ಎಲ್ಲರೂ ಮೊದಲಿಯಾರರಾಗಲಿಲ್ಲ. ಸಾಮಾನ್ಯರ ವಾಸವು ವಠಾರದಲ್ಲಿ. ಒಂದು ಬಾಗಿಲಿನಿಂದ ಒಳಹೊಕ್ಕರೆ ಉದ್ದವಾದ ಅಂಗಳ; ಎರಡು ಕಡೆಗೂ ಒಂದೊಂದೇ ಕೋಣೆಯ ಬಿಡಾರಗಳು; ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ಕೊಳಾಯಿ, ಒಂದು ಕಕ್ಕಸು. ಬಾಡಿಗೆಯನ್ನು ಬಾಯಿಮಾತಿನ ಮೇಲೆ ಗೊತ್ತುಮಾಡುತ್ತಿದ್ದರು, ಬರಹವಿಲ್ಲ, ರಶೀತಿಯಿಲ್ಲ. ವಠಾರದಲ್ಲಿ ಪರಸ್ಪರ ಸಹಾಯವಿದ್ದಿತೆಂಬುದು ನಿಜ. ಹೆರಿಗೆ, ಕಾಯಿಲೆ, ಸಾವುಗಳಲ್ಲಿ ನೆರೆಯವರೇ ನೆಂಟರು. ಆದರೆ ಈ ಸೌಹಾರ್ದವನ್ನು ನೆನೆಯುವಾಗ ಅದರ ಇನ್ನೊಂದು ಮುಖವನ್ನು ಮರೆಯಬಾರದು. ವಠಾರಕ್ಕೆ ಯಾರನ್ನು ಸೇರಿಸಬೇಕೆಂಬುದು ಜಾತಿ, ಮತ, ಆಹಾರಗಳನ್ನು ನೋಡಿ ನಿರ್ಣಯವಾಗುತ್ತಿತ್ತು. ಬಾಡಿಗೆ ಕೊಡುವ ಶಕ್ತಿಯೊಂದೇ ಸಾಲುತ್ತಿರಲಿಲ್ಲ.

೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಜನಗಣತಿಯ ಅಂಕಿಗಳು ಅದರ ಪರಿಣಾಮವನ್ನು ತೋರಿಸುತ್ತವೆ. ಪೇಟೆ, ದಂಡು ಎರಡನ್ನೂ ಸೇರಿಸಿ ೧೮೯೧ರಲ್ಲಿ ೧,೮೦,೩೬೬ ಜನರಿದ್ದ ಬೆಂಗಳೂರಿನಲ್ಲಿ ೧೯೦೧ರಲ್ಲಿ ಉಳಿದವರು ೧,೫೯,೦೪೬ ಮಂದಿ. ಈ ಎರಡನೆಯ ಗಣತಿಯಲ್ಲಿ ಪೇಟೆಯ ಪಾಲು ೬೯,೪೪೭, ದಂಡಿನ ಪಾಲು ೮೯,೫೯೯. ಜನಸಂಖ್ಯೆ ಇಳಿದ ಮೇಲೂ ದಂಡು ಪೇಟೆಗಿಂತ ದೊಡ್ಡದಾಗಿಯೇ ಇದ್ದಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಇಳಿಕೆಯಲ್ಲಿ ಸತ್ತವರಲ್ಲದೆ ಊರು ಬಿಟ್ಟುಹೋದವರೂ ಸೇರಿದ್ದಾರೆ. ಬಾಡಿಗೆಯ ಊರಿನಲ್ಲಿ ವಿಪತ್ತು ಬಂದಾಗ ಜನರು ಬೇಗ ಹೊರಟುಹೋಗುತ್ತಾರೆ. ಅವರನ್ನು ಹಿಡಿದು ನಿಲ್ಲಿಸುವ ಹೊಲಮನೆಗಳು ಅಲ್ಲಿರುವುದಿಲ್ಲ.

ಪ್ಲೇಗು ಅಧಿಕಾರಿಗಳ ಕಣ್ಣನ್ನು ಬಡವರ ಮನೆಗಳ ಕಡೆಗೆ ತಿರುಗಿಸಿತು. ರೋಗ ಕಂಡ ಮನೆಗಳನ್ನು ತೆರವು ಮಾಡಿಸಿ, ಸುಣ್ಣ ಬಳಿಸಿ, ನಿವಾಸಿಗಳನ್ನು ಬಯಲಿನ ಗುಡಿಸಲುಗಳಿಗೆ ಕಳುಹಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೆಸಿಡೆಂಟ್ ಸ್ಟೂಅರ್ಟ್ ಫ್ರೇಜರನ ಹೆಸರಿನಲ್ಲಿ ಫ್ರೇಜರ್ ಟೌನ್ ಬಡಾವಣೆ ಹುಟ್ಟಿತು. ಇದರ ಯೋಜನೆಯಲ್ಲಿ ತೊಡಗಿದ್ದ ಜೆ. ಎಚ್. ಸ್ಟೀಫೆನ್ಸ್ ಬೆಂಗಳೂರಿನ ಪ್ಲೇಗುನಿರೋಧಕ ಪಟ್ಟಣಯೋಜನೆಯನ್ನು ಕುರಿತು ೧೯೧೪ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅಗಲವಾದ ಬೀದಿಗಳು, ಇಲಿಗಳು ಸೇರದ ಗಟ್ಟಿ ತಳಹದಿ, ಗಾಳಿಬೆಳಕುಗಳಿಗೆ ಅವಕಾಶ ಇವು ಅದರ ಆದರ್ಶ. ಆದರ್ಶವು ಪ್ರಶಂಸನೀಯವೇ. ಆದರೆ ಗಟ್ಟಿಯಾದ ಮನೆಯನ್ನು ಕಟ್ಟಿಸಿಕೊಳ್ಳಬಲ್ಲವರು ನಿವೇಶನಕ್ಕೆ ಹಣವಿದ್ದವರು. ಬ್ಲ್ಯಾಕ್‌ಪಳ್ಳಿಯ ಕೋಣೆಯ ಬಾಡಿಗೆದಾರನಿಗೆ ಹಳೆಯ ಕೋಣೆಯನ್ನು ಕೆಡವಿದರೆ ಮತ್ತೊಂದು ಹಳೆಯ ಕೋಣೆಯೇ ಗತಿ. ಆಸ್ತಿಯ ನ್ಯಾಯದಲ್ಲಿ ಕಟ್ಟಡಕ್ಕೆ ಬೆಲೆಯುಂಟು, ವಾಸಕ್ಕೆ ಬೆಲೆಯಿಲ್ಲ ಎಂಬ ಸಂಗತಿಯನ್ನು ಆ ವರ್ಷಗಳ ಅನುಭವವು ಸ್ಪಷ್ಟಪಡಿಸುತ್ತದೆ.

೫

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರು ಮತ್ತೊಮ್ಮೆ ಸೈನ್ಯದಿಂದ ತುಂಬಿತು. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಕಟ್ಟಡ, ಭೂಮಿಗಳನ್ನು ಯುದ್ಧಕಾರ್ಯಕ್ಕೆ ವಶಪಡಿಸಿಕೊಳ್ಳುವ ಅಧಿಕಾರವು ಬ್ರಿಟಿಷ್ ಇಂಡಿಯಾದಲ್ಲೆಲ್ಲ ಸರಕಾರಕ್ಕೆ ದೊರೆತಿತ್ತು. ಯುದ್ಧಾನಂತರವೂ ಇಂಥ ಅಧಿಕಾರವು ಪೂರ್ತಿಯಾಗಿ ಹೋಗಲಿಲ್ಲ. ೧೯೫೨ರಲ್ಲಿ ಸ್ವತಂತ್ರ ಭಾರತದ ಸಂಸತ್ತು ಸ್ಥಿರಾಸ್ತಿಗಳ ವಶಪಡಿಕೆಗೆ ಪ್ರತ್ಯೇಕ ಶಾಸನವನ್ನೇ ಮಾಡಿತು.

೧೯೪೭ರ ಜುಲೈ ೨೬ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡುಪ್ರದೇಶವು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿತು. ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಏರ್ಪಟ್ಟಿತು. ಬೆಳಗಾವಿಯಲ್ಲಿ ಮುಂದುವರಿದಂಥ ದಂಡುಮಂಡಳಿ ಇಲ್ಲಿ ಉಳಿಯಲಿಲ್ಲ. ಸೈನ್ಯವು ತನ್ನ ವಶದಲ್ಲಿದ್ದ ವಿಸ್ತಾರವಾದ ಭೂಮಿಯಲ್ಲಿ ಮುಂದುವರಿಯಿತು. ಬಜಾರು, ಬೀದಿ, ವಠಾರಗಳು ಸಂಸ್ಥಾನದ ಸಾಮಾನ್ಯ ಕಾನೂನಿಗೆ ಒಳಪಟ್ಟುವು. ದಂಡಿನ ಬಾಡಿಗೆದಾರನೂ ಪೇಟೆಯ ಬಾಡಿಗೆದಾರನೂ ಒಂದೇ ನ್ಯಾಯಕ್ಕೆ ಸೇರಿದುದು ಆ ಬಳಿಕ.

೧೯೫೧ರ ಮೈಸೂರು ಮನೆಬಾಡಿಗೆ ಮತ್ತು ವಸತಿ ನಿಯಂತ್ರಣ ಶಾಸನವೂ, ಏಕೀಕರಣಾನಂತರದ ೧೯೬೧ರ ಮೈಸೂರು ಬಾಡಿಗೆ ನಿಯಂತ್ರಣ ಶಾಸನವೂ ಈ ನ್ಯಾಯದ ಆಧಾರಗಳು. ಇವುಗಳಲ್ಲಿ ಮೂರು ಮುಖ್ಯ ಅಂಶಗಳಿದ್ದುವು. ಬಾಡಿಗೆಯು ನ್ಯಾಯವಾದುದೋ ಅಲ್ಲವೋ ಎಂಬುದನ್ನು ಅಧಿಕಾರಿಯ ಮುಂದೆ ಪ್ರಶ್ನಿಸಬಹುದು. ಶಾಸನದಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ. ಮನೆ ಖಾಲಿಯಾದರೆ ಒಡೆಯನು ಆ ಸಂಗತಿಯನ್ನು ಅಧಿಕಾರಿಗೆ ತಿಳಿಸಬೇಕು. ಸರಕಾರದ ಅಥವಾ ಸಾರ್ವಜನಿಕರ ಅಗತ್ಯಕ್ಕೆ ತಕ್ಕಂತೆ ಅಧಿಕಾರಿಯು ಅದನ್ನು ಹಂಚಿಕೊಡಬಹುದು. ಈ ಮೂರನೆಯ ಅಂಶವನ್ನು ೧೯೦೨ರ ದಂಡಿನ ಶಾಸನದೊಡನೆ ಹೋಲಿಸಿ ನೋಡಬೇಕು. ಅಂದು ಸೈನ್ಯಾಧಿಕಾರಿಗಾಗಿ ಒಡೆಯನ ಮೇಲೆ ಹೇರಿದ ನಿರ್ಬಂಧದ ಸ್ವರೂಪವೇ ಇಂದು ಪ್ರಜಾಸರಕಾರದ ನೌಕರನಿಗಾಗಿ ಮತ್ತೆ ಬಂದಿತು. ಆದರೆ ಎರಡನೆಯ ಅಂಶವು ಹೊಸದು. ವಾಸವೆಂಬುದು ಒಡೆಯನ ಕೃಪೆಯಿಂದ ಬೇರೆಯಾದ ಒಂದು ಹಕ್ಕು ಎಂದು ಶಿವಾಜಿನಗರದ ಕೋಣೆಯಲ್ಲಿದ್ದವನಿಗೂ ಶಾಸನವು ಹೇಳಿತು.

ಈ ಹಕ್ಕಿಗೆ ಬೆಲೆ ತೆರಬೇಕಾಯಿತೆಂಬುದನ್ನೂ ಹೇಳದಿದ್ದರೆ ಚರಿತ್ರೆ ಏಕಪಕ್ಷೀಯವಾಗುತ್ತದೆ. ಬಾಡಿಗೆ ಏರದ ಮನೆಯನ್ನು ಒಡೆಯನು ದುರಸ್ತಿ ಮಾಡಿಸಲು ಹಿಂಜರಿದನು. ಬಹಿರಂಗದ ಬಾಡಿಗೆ ಅಲ್ಪವಾದಲ್ಲಿ ‘ಪಗಡಿ’ಯೆಂಬ ಗುಪ್ತಧನವು ತಲೆಯೆತ್ತಿತು. ವಿಧವೆಯೋ ನಿವೃತ್ತ ನೌಕರನೋ ಆದ ಒಡೆಯನು ತನ್ನ ಏಕೈಕ ಮನೆಯನ್ನು ಬಿಡಿಸಿಕೊಳ್ಳಲು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಪ್ರಸಂಗಗಳೂ ಉಂಟು. ಹೊಸದಾಗಿ ಬಂದವನಿಗೆ ಮನೆ ಸಿಗುವುದು ಕಷ್ಟವಾಯಿತು. ಹಳಬನಿಗಿದ್ದ ರಕ್ಷಣೆ ಹೊಸಬನಿಗೆ ತಡೆಯಾಯಿತು. ೨೦೦೧ರ ಕೊನೆಯಲ್ಲಿ ಜಾರಿಗೆ ಬಂದ ೧೯೯೯ರ ಕರ್ನಾಟಕ ಬಾಡಿಗೆ ಶಾಸನವು ಸಮತೋಲವನ್ನು ಒಡೆಯನ ಕಡೆಗೆ ಸರಿಸಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಳಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಸೈನ್ಯದ ಸೇವೆಯಲ್ಲಿರುವ ಅಥವಾ ಅದರಿಂದ ನಿವೃತ್ತನಾದ ಒಡೆಯನು ತನ್ನ ಮನೆಯನ್ನು ಶೀಘ್ರವಾಗಿ ಹಿಂಪಡೆಯಲು ಅದರಲ್ಲಿ ವಿಶೇಷ ಅವಕಾಶವಿದೆ. ನೂರು ವರ್ಷಗಳ ಹಿಂದೆ ಸೈನಿಕನು ಬಾಡಿಗೆದಾರನಾಗಿ ಪಡೆದ ವಿಶೇಷ ರಕ್ಷಣೆಯನ್ನು ಈಗ ಮನೆಯೊಡೆಯನಾಗಿ ಪಡೆದನು. ಇಂದಿರಾನಗರದ ಡಿಫೆನ್ಸ್ ಕಾಲೊನಿಯಂಥ ಬಡಾವಣೆಗಳು ಈ ಪಾತ್ರಪರಿವರ್ತನೆಗೆ ನಿದರ್ಶನಗಳು.

೬

ಇಲ್ಲಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಸಾಗೋಣ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೨ರಲ್ಲಿ ಅದರ ಆಡಳಿತ ಭಾರತ ಸರಕಾರದ ಕೈಸೇರಿತು. ಯುದ್ಧಕಾಲದಲ್ಲಿ ಅಮೆರಿಕದ ಸೇನಾವಿಮಾನಗಳ ದುರಸ್ತಿ ಅಲ್ಲಿ ನಡೆಯಿತು. ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಅದರಿಂದಲೇ ದೂರವಾಣಿನಗರವೆಂಬ ಹೆಸರು. ಮುಂದೆ ಬೈಯಪ್ಪನಹಳ್ಳಿಯ ಬಳಿ ಎನ್‌ಜಿಇಎಫ್ ವಿದ್ಯುದುಪಕರಣಗಳ ಕಾರ್ಖಾನೆ, ಸಿ. ವಿ. ರಾಮನ್ ನಗರದ ಕಡೆ ರಕ್ಷಣಾ ಸಂಶೋಧನಾಲಯಗಳು ನೆಲೆಗೊಂಡುವು. ದಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಹಲಸೂರಿಗೆ ಏನು ಮಾಡಿತೋ ಅದನ್ನೇ ಈ ಕಾರ್ಖಾನೆಗಳು ಇಪ್ಪತ್ತನೆಯ ಶತಮಾನದಲ್ಲಿ ಬೆನ್ನಿಗಾನಹಳ್ಳಿ, ಕಗ್ಗದಾಸಪುರ, ಮಹದೇವಪುರ, ಕೃಷ್ಣರಾಜಪುರಗಳಿಗೆ ಮಾಡಿದುವು.

ಆದರೆ ವ್ಯತ್ಯಾಸವೊಂದುಂಟು. ಕಾರ್ಖಾನೆಯು ತನ್ನ ನೌಕರರಲ್ಲಿ ಒಂದು ಭಾಗಕ್ಕೆ ವಸತಿಗೃಹಗಳನ್ನು ಕಟ್ಟಿಸಿತು. ಉಳಿದವರು ಸುತ್ತಲ ಹಳ್ಳಿಗಳಲ್ಲಿ ಬಾಡಿಗೆಗೆ ನಿಂತರು. ಹೊಲವು ಸ್ವಾಧೀನಕ್ಕೆ ಹೋದರೂ ಗ್ರಾಮಠಾಣವು ಹಳ್ಳಿಗನ ಕೈಯಲ್ಲಿ ಉಳಿಯಿತು. ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ಸಾಲಾಗಿ ನಾಲ್ಕು ಮನೆ, ಅವುಗಳ ಮೇಲೆ ಮತ್ತೆ ನಾಲ್ಕು ಮನೆ ಎದ್ದುವು. ರಾಗಿ ಬೆಳೆಯುತ್ತಿದ್ದ ಒಕ್ಕಲಿಗನು ಬಾಡಿಗೆಯನ್ನು ಬೆಳೆಯತೊಡಗಿದನು. ಹಲಸೂರಿನ ದಂಡಿನಲ್ಲಿ ನೆಲದ ಮೂಲನಿವಾಸಿಯು ಬಹುಮಟ್ಟಿಗೆ ಬದಿಗೆ ಸರಿದಿದ್ದರೆ, ಇಲ್ಲಿ ಅವನು ಮನೆಯೊಡೆಯನಾಗಿ ಉಳಿದನು. ಸ್ವಂತ ನೆಲವಿಲ್ಲದೆ ಪರರ ಹೊಲದಲ್ಲಿ ದುಡಿಯುತ್ತಿದ್ದವನಿಗೆ ಮಾತ್ರ ಈ ಭಾಗ್ಯ ದೊರೆಯಲಿಲ್ಲ. ಹೊಲ ಹೋದಾಗ ಕೂಲಿ ಹೋಯಿತು, ಬಾಡಿಗೆ ಬರಲಿಲ್ಲ.

ಟಿನ್ ಫ್ಯಾಕ್ಟರಿ ಎಂಬ ಸ್ಥಳನಾಮವು ಈ ಪರಿವರ್ತನೆಯ ಒಳ್ಳೆಯ ಕುರುಹು. ಇದು ಗ್ರಾಮದ ಹೆಸರಲ್ಲ, ಬಡಾವಣೆಯ ಹೆಸರಲ್ಲ. ಕಾರ್ಖಾನೆಯೊಂದರ ಗುರುತಿನಿಂದ ಬಸ್ಸಿನ ಕಂಡಕ್ಟರರ, ಪ್ರಯಾಣಿಕರ ಬಾಯಲ್ಲಿ ಹುಟ್ಟಿ ನಿಂತ ಹೆಸರು. ಹಳೆಯ ಮದರಾಸು ರಸ್ತೆಯನ್ನು ಹೊರವರ್ತುಲ ರಸ್ತೆಯು ಸಂಧಿಸುವ ಈ ಜಾಗವು ಇಂದು ವೈಟ್‌ಫೀಲ್ಡ್, ಹೆಬ್ಬಾಳ, ಮಾರತ್ತಹಳ್ಳಿಗಳ ಕಡೆ ಹೋಗುವವರ ಕೂಡುದಾಣ. ೨೦೨೩ರಲ್ಲಿ ಈ ಮಾರ್ಗದಲ್ಲಿ ಮೆಟ್ರೋ ರೈಲು ಓಡತೊಡಗಿದಾಗ ಇಲ್ಲಿನ ನಿಲ್ದಾಣಕ್ಕೆ ಬೆನ್ನಿಗಾನಹಳ್ಳಿಯೆಂಬ ಗ್ರಾಮದ ಹೆಸರೇ ಬಂದಿತು. ದಾಖಲೆಯಲ್ಲಿ ಹಳ್ಳಿ ಉಳಿಯಿತು. ಜನರ ಬಾಯಲ್ಲಿ ಕಾರ್ಖಾನೆ ಉಳಿಯಿತು.

ಈ ಪ್ರದೇಶದ ಬಾಡಿಗೆಯ ರೂಢಿಗಳು ಮೂರು. ಮೊದಲನೆಯದು ಹನ್ನೊಂದು ತಿಂಗಳ ಕರಾರು. ೧೯೦೮ರ ನೋಂದಣಿ ಶಾಸನದ ಪ್ರಕಾರ ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಎರಡನೆಯದು ಮುಂಗಡ, ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವ ವಾಡಿಕೆ ಬಹುಕಾಲ ನಡೆದುಬಂದಿದೆ. ಕೇಂದ್ರ ಸರಕಾರವು ೨೦೨೧ರಲ್ಲಿ ಅಂಗೀಕರಿಸಿದ ಮಾದರಿ ಶಾಸನವು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿತು. ಆದರೆ ಮಾದರಿಯೆಂದ ಮೇಲೆ ಅದು ರಾಜ್ಯಗಳ ಇಚ್ಛೆಗೆ ಬಿಟ್ಟುದು. ಮೂರನೆಯದು ಭೋಗ್ಯ. ದೊಡ್ಡ ಮೊತ್ತವನ್ನು ಒಮ್ಮೆಗೆ ಒಡೆಯನಿಗೆ ಕೊಟ್ಟು, ಬಡ್ಡಿಗೆ ಬದಲಾಗಿ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಹಣವನ್ನು ಹಿಂಪಡೆಯುವುದು. ಭೂಮಿಯ ಭೋಗ್ಯವು ನಮ್ಮ ನಾಡಿನಲ್ಲಿ ಹಳೆಯದು. ನಗರವು ಅದನ್ನು ಮನೆಗೆ ಅನ್ವಯಿಸಿತು. ಇಲ್ಲಿ ಬಾಡಿಗೆದಾರನೇ ಒಡೆಯನಿಗೆ ಸಾಲಗಾರನಾಗದೆ ಸಾಲಿಗನಾಗುತ್ತಾನೆ. ಆದರೂ ಆತನ ಸ್ಥಿತಿ ಬಲವಾದುದೆನ್ನಲಾಗದು. ಒಡೆಯನು ಬ್ಯಾಂಕಿಗೆ ಅದೇ ಮನೆಯನ್ನು ಒತ್ತೆಯಿಟ್ಟಿದ್ದರೆ, ನೋಂದಣಿಯಾಗದ ಕರಾರಿನ ಭೋಗ್ಯದಾರನು ತನ್ನ ಜೀವಮಾನದ ಉಳಿತಾಯಕ್ಕಾಗಿ ಹೋರಾಡಬೇಕಾಗುತ್ತದೆ.

ಈ ಮೂರು ರೂಢಿಗಳಲ್ಲಿಯೂ ಒಂದೇ ಲಕ್ಷಣವನ್ನು ಕಾಣುತ್ತೇವೆ: ಶಾಸನಕ್ಕೆ ಹೊರಗಾಗಿ, ಅದರ ಅಂಚಿನಲ್ಲಿ ನಿಲ್ಲುವ ಯತ್ನ. ವಠಾರದ ಬಾಯಿಮಾತು ಈಗ ಛಾಪಾಕಾಗದದ ಮೇಲೆ ಬಂದಿದೆ. ಅದರ ಬಲ ಮಾತ್ರ ಅಷ್ಟಾಗಿ ಹೆಚ್ಚಿಲ್ಲ. ಯಾವ ಊರು, ಯಾವ ಜನ, ಏನು ಊಟ, ಒಂಟಿಯೋ ಸಂಸಾರಸ್ಥರೋ ಎಂಬ ಪ್ರಶ್ನೆಗಳನ್ನು ಇಂದಿಗೂ ಮನೆ ಕೇಳಿ ಬಂದವರು ಉತ್ತರಿಸಬೇಕಾಗಿದೆ.

೭

ಮೇಲಣ ವಿವೇಚನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಒಂದು, ದಂಡಿನಲ್ಲಿ ವಾಸದ ಹಕ್ಕು ಬಹುಕಾಲ ಸೈನ್ಯಕ್ಕೆ ಆಗುವ ಉಪಯೋಗದ ಮೇಲೆ ನಿಂತಿತ್ತು. ಉಪಯೋಗ ಮುಗಿದಾಗ ಹಕ್ಕೂ ಮುಗಿಯುತ್ತಿತ್ತು. ಎರಡು, ಮನೆಯ ಒಡೆಯನನ್ನು ನಿಯಂತ್ರಿಸುವ ಉಪಾಯವನ್ನು ಇಂಗ್ಲಿಷರು ಅಧಿಕಾರಿಗಳಿಗಾಗಿ ಕಂಡುಹಿಡಿದರು. ಪ್ರಜಾಸರಕಾರವು ಅದನ್ನು ಸಾಮಾನ್ಯರ ಕಡೆಗೆ ತಿರುಗಿಸಿ, ಕೆಲವು ದಶಕಗಳ ಕಾಲ ವಾಸವನ್ನು ಒಂದು ಹಕ್ಕನ್ನಾಗಿ ಮಾಡಿತು. ಮೂರು, ಪೂರ್ವದ ಕಾರ್ಖಾನೆಗಳ ನಾಡಿನಲ್ಲಿ ಸೈನ್ಯದ ಸ್ಥಾನಕ್ಕೆ ಉದ್ಯೋಗವು ಬಂದಿದೆ. ಕೆಲಸವಿದ್ದಷ್ಟು ಕಾಲ ಊರು ತನ್ನದು ಎಂಬ ಸ್ಥಿತಿ ಬಹುಮಂದಿಗೆ ಇನ್ನೂ ಹಾಗೆಯೇ ಇದೆ.

ಒಡೆಯರ ಚರಿತ್ರೆಗೆ ಕ್ರಯಪತ್ರ, ಖಾತೆ, ಕಂದಾಯದ ರಶೀತಿಗಳ ಆಧಾರವುಂಟು. ಬಾಡಿಗೆದಾರರ ಚರಿತ್ರೆಗೆ ಅಂಥ ಆಧಾರಗಳು ಅಲ್ಪ. ಇರುವುವೂ ಮನೆ ಬದಲಾಯಿಸುವಾಗ ಹರಿದುಹೋಗುತ್ತವೆ. ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂಥ ಮನೆಗಳಿಂದಲೇ ಬರುವವರು. ತಮ್ಮ ಮನೆಯ ಹಿರಿಯರು ಯಾವ ವರ್ಷ, ಯಾವ ಕೆಲಸಕ್ಕಾಗಿ, ಯಾವ ಬೀದಿಗೆ ಬಂದರು, ಎಷ್ಟು ಬಾಡಿಗೆ ತೆತ್ತರು, ಏಕೆ ಮನೆ ಬಿಟ್ಟರು ಎಂಬುದನ್ನು ಅವರು ಕೇಳಿ ಬರೆದಿಡಬೇಕು. ಹಳೆಯ ಕರಾರುಪತ್ರ, ಬಾಡಿಗೆಯ ಚೀಟಿ, ನ್ಯಾಯಾಲಯದ ನೋಟೀಸುಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಸಂಗ್ರಹಿಸಬೇಕು. ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಬೇಕು. ಕೇಳಿದರೆ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸವು ನಡೆಯುವುದು ಅವಶ್ಯ.